ಈಹೊತ್ತು ಎಂಬ ಮಾತು: ವರ್ತಮಾನದ ಭಕ್ತಿಯನ್ನು ಕುರಿತು ಒಂದು ವಿಮರ್ಶೆ

ವರ್ತಮಾನ ಕ್ಷಣದಲ್ಲಿ ದೇವರನ್ನು ಕಾಣಬೇಕೆಂಬ ಬೋಧನೆ ನಮ್ಮ ಸಭೆಗಳಲ್ಲಿ ಈಗ ಸಾಮಾನ್ಯವಾಗಿದೆ. ಧ್ಯಾನಕೂಟಗಳಲ್ಲಿ, ಯುವಜನರ ಶಿಬಿರಗಳಲ್ಲಿ, ರೋಗಿಯ ಮಂಚದ ಬಳಿ ಮಾಡುವ ಪ್ರಾರ್ಥನೆಯಲ್ಲಿ ಕೂಡ ಅದು ಕೇಳಿಬರುತ್ತದೆ: ಕಳೆದದ್ದನ್ನು ಬಿಟ್ಟುಬಿಡಿರಿ, ಬರಲಿರುವುದನ್ನು ಚಿಂತಿಸಬೇಡಿರಿ, ಈ ಕ್ಷಣದಲ್ಲಿ ನೆಲೆಗೊಳ್ಳಿರಿ, ದೇವರು ಇಲ್ಲಿಯೇ ಇದ್ದಾನೆ. ಈ ಬೋಧನೆಯಲ್ಲಿ ಸತ್ಯಾಂಶವಿದೆ. ಪಶ್ಚಾತ್ತಾಪದಿಂದ ಕುಗ್ಗಿದವರಿಗೂ ಭಯದಿಂದ ನಿದ್ದೆಗೆಟ್ಟವರಿಗೂ ಅದು ಸಾಂತ್ವನ ನೀಡಿದೆ. ಆದರೆ ಕಳೆದದ್ದನ್ನೂ ಬರಲಿರುವುದನ್ನೂ ಕತ್ತರಿಸಿ ಉಳಿಸಿಕೊಂಡ ಕ್ಷಣದಲ್ಲಿ ಶಿಲುಬೆಯ ಸ್ಮರಣೆಗೆ ಎಡೆಯೆಲ್ಲಿ? ಬರಲಿರುವ ರಾಜ್ಯದ ನಿರೀಕ್ಷೆಗೆ ಎಡೆಯೆಲ್ಲಿ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು, ಈ ಬೋಧನೆಗೆ ಆಧಾರವಾಗಿರುವ ಎರಡು ಪುಸ್ತಕಗಳನ್ನು ನಾವು ಇಲ್ಲಿ ಪರಿಶೀಲಿಸುತ್ತೇವೆ. ಅವುಗಳ ಪಕ್ಕದಲ್ಲಿ ಕನ್ನಡ ಸತ್ಯವೇದದ ಒಂದು ಮಾತನ್ನು ಇಟ್ಟು ನೋಡುತ್ತೇವೆ. ಕೊನೆಗೆ ಎರಡನ್ನೂ ತುಂಗಭದ್ರೆಯ ಸೀಮೆಯಲ್ಲಿ ಒರೆಗೆ ಹಚ್ಚುತ್ತೇವೆ.

ಆ ಸೀಮೆಯನ್ನು, ಎಂದರೆ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳನ್ನು, ನಾವು ಆರಿಸಿಕೊಂಡದ್ದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಕನ್ನಡ ಸತ್ಯವೇದಕ್ಕೂ ಆ ಕಡೆಯ ನೆಲಕ್ಕೂ ಇರುವ ನಂಟು. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅಲ್ಲಿ ಭಾಷಾಂತರಕ್ಕೆ ಕೈಹಾಕಿದರು. 1831ರ ವೇಳೆಗೆ ಇಡೀ ಸತ್ಯವೇದ ಕನ್ನಡದಲ್ಲಿ ಸಿದ್ಧವಾಯಿತು. ಎರಡನೆಯದು, ಅಲ್ಲಿಯ ಜನರ ಇಂದಿನ ಬಾಳಿನ ಮೇಲೆ ನಿನ್ನೆ ನಾಳೆಗಳ ಭಾರ ಬಹಳವಾಗಿದೆ. ಹಂಪಿಗೆ ಬರುವವರು ನೋಡುವುದು ಗತಕಾಲವನ್ನು. ಹೊಸಪೇಟೆಯ ಅಣೆಕಟ್ಟಿನಲ್ಲಿ ನಿಂತಿರುವುದು ಮುಂದಿನ ಬೆಳೆ. ಸಂಡೂರಿನ ಗುಡ್ಡಗಳಿಂದ ಹೊರಟುಹೋಗಿರುವುದು ಇನ್ನೂ ಹುಟ್ಟದವರ ಪಾಲು. ಇಂಥ ನೆಲದಲ್ಲಿ ನಿಲ್ಲಲಾರದ ಬೋಧನೆ ಬೇರೆ ಕಡೆ ನಿಂತರೂ ಅದರ ಬಲ ಸಂದೇಹಾಸ್ಪದವೇ.

ಎರಡು ಪುಸ್ತಕಗಳು

ಮೊದಲನೆಯದು ಬ್ರದರ್ ಲಾರೆನ್ಸ್ ಎಂದು ಹೆಸರಾದ ನಿಕೊಲಾ ಹೆರ್ಮಾನ್ ಅವರ ಪತ್ರಗಳೂ ಸಂಭಾಷಣೆಗಳೂ ಸೇರಿದ, ದೇವರ ಸಾನ್ನಿಧ್ಯದ ಅಭ್ಯಾಸವನ್ನು ಕುರಿತ ಚಿಕ್ಕ ಪುಸ್ತಕ. ಯುದ್ಧದಲ್ಲಿ ಗಾಯಗೊಂಡ ಈ ಮಾಜಿ ಸಿಪಾಯಿ ಪ್ಯಾರಿಸಿನ ಕಾರ್ಮೆಲ್ ಮಠಕ್ಕೆ ಸೇರಿ ಬಹುಕಾಲ ಅಡಿಗೆಮನೆಯಲ್ಲಿ ದುಡಿದರು. 1691ರಲ್ಲಿ ಅವರು ತೀರಿಕೊಂಡ ಮೇಲೆ ಜೋಸೆಫ್ ದ ಬೊಫೋರ್ ಅವರ ಬರಹಗಳನ್ನು ಕೂಡಿಸಿ ಪ್ರಕಟಿಸಿದರು. ಪ್ರಾರ್ಥನೆಯ ವೇಳೆಯೂ ಪಾತ್ರೆ ತೊಳೆಯುವ ವೇಳೆಯೂ ದೇವರ ಮುಂದೆ ಬೇರೆ ಬೇರೆಯಲ್ಲ ಎಂಬುದು ಈ ಪುಸ್ತಕದ ಹಿರಿಮೆ. ಪೂಜ್ಯವಾದದ್ದು ಪೀಠದಲ್ಲಿ ಮಾತ್ರ ಇದೆಯೆಂದು ತಿಳಿದವರಿಗೆ ಇದು ಇಂದಿಗೂ ಒಳ್ಳೆಯ ಔಷಧ.

ಆದರೆ ಆ ಅಡಿಗೆಮನೆ ಮಠದ್ದು ಎಂಬುದನ್ನು ಮರೆತು ಓದುವುದು ಸರಿಯಲ್ಲ. ಅಲ್ಲಿ ನಿಯಮಬದ್ಧವಾದ ಸಮುದಾಯವಿತ್ತು, ತಲೆಯ ಮೇಲೆ ಸೂರಿತ್ತು, ಮರುದಿನವೂ ಒಲೆ ಉರಿಯುವುದೆಂಬ ಭರವಸೆಯಿತ್ತು. ಆ ಸಹೋದರರು ಸಂಪತ್ತನ್ನು ಬಿಟ್ಟುಕೊಟ್ಟವರು, ಆದರೆ ಆಸರೆ ಇಲ್ಲದವರಲ್ಲ. ಬೆಳಗ್ಗೆ ಕೂಲಿ ಸಿಕ್ಕೀತೋ ಇಲ್ಲವೋ ಎಂದು ಬೀದಿಯಲ್ಲಿ ನಿಂತವನಿಗೆ ಇದೇ ಪುಸ್ತಕವನ್ನು ಇದೇ ಅರ್ಥದಲ್ಲಿ ಬೋಧಿಸಿದರೆ, ಅವನಿಗೆ ಇಲ್ಲದ ಆಸರೆಯನ್ನು ಇದೆಯೆಂದು ಭಾವಿಸಿ ಬೋಧಿಸಿದಂತಾಗುತ್ತದೆ.

ಎರಡನೆಯದು, ಫ್ರಾನ್ಸಿನ ಯೇಸುಸಭೆಯ ಜಾನ್ ಪಿಯೆರ್ ದ ಕೊಸಾದ್ (1675–1751) ಅವರ ಹೆಸರಿನಲ್ಲಿ ಬಂದಿರುವ, ದೇವರ ಪರಾಮರಿಕೆಗೆ ತನ್ನನ್ನು ಒಪ್ಪಿಸಿಬಿಡುವುದನ್ನು ಕುರಿತ ಪುಸ್ತಕ. ಇದು 1861ರಲ್ಲಿ ಹೆನ್ರಿ ರಾಮಿಯೆರ್ ಅವರ ಸಂಪಾದನೆಯಲ್ಲಿ ಮೊದಲು ಅಚ್ಚಾಯಿತು. ಇದು ನಿಜವಾಗಿ ಕೊಸಾದ್ ಬರೆದದ್ದೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಸಂದೇಹವುಂಟು. ಪ್ರತಿಯೊಂದು ಕ್ಷಣವೂ ಸಂಸ್ಕಾರದಂತೆ ದೇವರ ಚಿತ್ತವನ್ನು ನಮಗೆ ತಲುಪಿಸುತ್ತದೆ ಎಂಬುದು ಅದರ ತಿರುಳು. ಇದರಲ್ಲಿ ಎರಡು ಅಂಗಗಳಿವೆ. ಒಂದು, ಬಂದದ್ದನ್ನು ಅಂಗೀಕರಿಸುವುದು. ಇನ್ನೊಂದು, ಆ ಕ್ಷಣದ ಕರ್ತವ್ಯವನ್ನು ನಿಷ್ಠೆಯಿಂದ ಮಾಡುವುದು. ನಮ್ಮ ಪ್ರಸಂಗಗಳು ಸಾಮಾನ್ಯವಾಗಿ ಮೊದಲನೆಯದನ್ನು ಎತ್ತಿಕೊಂಡು ಎರಡನೆಯದನ್ನು ಕೈಬಿಡುತ್ತವೆ. ಆಗ ಮನುಷ್ಯರ ಅನ್ಯಾಯದಿಂದ ಬಂದದ್ದೂ ದೇವರ ಕೈಯಿಂದ ಬಂದದ್ದೂ ಒಂದೇ ಆಗಿಬಿಡುತ್ತದೆ. ಕೇಳುವವನು ಬಡವನಾಗಿದ್ದರೆ ಈ ತಪ್ಪಿನ ಬೆಲೆಯನ್ನು ಅವನೇ ತೆರಬೇಕಾಗುತ್ತದೆ.

ಕ್ಷಣವೂ ಹೊತ್ತೂ

ಈಗ ನಮ್ಮ ಸತ್ಯವೇದದ ಮಾತಿಗೆ ಬರೋಣ. ನಮ್ಮ ಸಭೆಗಳಲ್ಲಿ ತಲೆಮಾರುಗಳಿಂದ ಓದುತ್ತ ಬಂದಿರುವ ಭಾಷಾಂತರ ‘ಕ್ಷಣ’ವೆನ್ನದೆ ‘ಈಹೊತ್ತು’ ಎನ್ನುತ್ತದೆ. ಕರ್ತನ ಪ್ರಾರ್ಥನೆಯಲ್ಲಿ ನಾವು ಆಹಾರವನ್ನು ಬೇಡುವುದು ಈಹೊತ್ತಿಗೆ. ನಜರೇತಿನ ಸಭಾಮಂದಿರದಲ್ಲಿ, ಜಕ್ಕಾಯನ ಮನೆಯಲ್ಲಿ, ಶಿಲುಬೆಯ ಮೇಲೆ ಯೇಸು ನುಡಿಯುವುದೂ ಈಹೊತ್ತಿನ ಮಾತನ್ನೇ.

ಕನ್ನಡದಲ್ಲಿ ಹೊತ್ತು ಎಂದರೆ ಕಾಲ ಮಾತ್ರವಲ್ಲ. ಹೊತ್ತು ಮೂಡುತ್ತದೆ, ಹೊತ್ತು ಮುಳುಗುತ್ತದೆ. ಎಂದರೆ ಅದು ಸೂರ್ಯ. ಎರಡು ಹೊತ್ತಿನ ಊಟ ಎನ್ನುವಾಗ ಅದು ಅನ್ನದ ಅಳತೆ. ಹೊತ್ತಿಗೆ ಒದಗಿದವನು ಎನ್ನುವಾಗ ಅದು ನೆರೆಯವನ ಅಗತ್ಯ. ಕ್ಷಣವನ್ನು ಒಬ್ಬನೇ ಕಣ್ಣುಮುಚ್ಚಿ ಅನುಭವಿಸಬಹುದು. ಹೊತ್ತನ್ನು ಹಾಗೆ ಒಬ್ಬನೇ ಇಟ್ಟುಕೊಳ್ಳಲಾಗದು, ಏಕೆಂದರೆ ಮೂಡುವ ಹೊತ್ತು ಊರಿಗೆಲ್ಲ ಒಂದೇ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಜೇಮ್ಸ್ ಬಾರ್ 1961ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಪದದ ವ್ಯುತ್ಪತ್ತಿಯಿಂದ ದೈವಶಾಸ್ತ್ರವನ್ನು ಹಿಂಡಿ ತೆಗೆಯುವ ಅಭ್ಯಾಸವನ್ನು ಕಟುವಾಗಿ ಟೀಕಿಸಿದರು. ಮರುವರ್ಷ ಸತ್ಯವೇದದಲ್ಲಿನ ಕಾಲವಾಚಕ ಪದಗಳ ಬಗ್ಗೆಯೇ ಬರೆದು ಆ ಟೀಕೆಯನ್ನು ಮುಂದುವರಿಸಿದರು. ಅರ್ಥವಿರುವುದು ವಾಕ್ಯದಲ್ಲಿ, ಬಿಡಿ ಪದದಲ್ಲಿ ಅಲ್ಲ ಎಂಬ ಅವರ ಮಾತನ್ನು ನಾವು ಒಪ್ಪುತ್ತೇವೆ. ಗ್ರೀಕಿನ ‘ಸೇಮೆರೊನ್’ ಎಂಬುದಕ್ಕೆ ‘ಇಂದು’ ಎಂಬುದೂ ಸಲ್ಲುವ ಅನುವಾದವೇ. ಆದಕಾರಣ ನಮ್ಮ ವಾದವನ್ನು ಕನ್ನಡ ಪದದ ಸೊಗಸಿನ ಮೇಲೆ ನಿಲ್ಲಿಸದೆ, ಆ ಪದ ಬರುವ ಸಂದರ್ಭಗಳನ್ನೇ ನೋಡೋಣ.

ಲೂಕನ ಸುವಾರ್ತೆಯ 4ನೆಯ ಅಧ್ಯಾಯದಲ್ಲಿ ಈಹೊತ್ತು ನೆರವೇರುವುದು ಯೆಶಾಯನ ಹಳೆಯ ವಾಕ್ಯ. 19ನೆಯ ಅಧ್ಯಾಯದಲ್ಲಿ ಜಕ್ಕಾಯನು ಆಸ್ತಿಯ ಅರ್ಧವನ್ನು ಬಡವರಿಗೆ ಕೊಡುವುದಾಗಿಯೂ ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುವುದಾಗಿಯೂ ಹೇಳುತ್ತಾನೆ. ಆ ಮಾತಾದ ಮೇಲೆಯೇ ಆ ಮನೆಗೆ ಈಹೊತ್ತು ರಕ್ಷಣೆಯಾದದ್ದನ್ನು ಯೇಸು ಸಾರುತ್ತಾನೆ. ಹಳೆಯ ಲೆಕ್ಕವನ್ನು ಮರೆತುಬಿಡುವುದರಿಂದ ಅಲ್ಲಿ ಬಿಡುಗಡೆ ಬರಲಿಲ್ಲ. ಲೆಕ್ಕ ತೀರಿಸಲು ಮುಂದಾದವನ ಮನೆಯಲ್ಲಿ ಬಿಡುಗಡೆ ಕಂಡಿತು. 23ನೆಯ ಅಧ್ಯಾಯದಲ್ಲಿ ಶಿಲುಬೆಯ ಮೇಲಿನ ಕಳ್ಳನು ಬೇಡುವುದು ಬರಲಿರುವ ರಾಜ್ಯದಲ್ಲಿ ತನ್ನ ನೆನಪನ್ನು. ಅವನಿಗೆ ದೊರೆಯುವುದು ಈಹೊತ್ತಿನ ಸಹವಾಸ. ಮೂರೂ ಕಡೆ ಈಹೊತ್ತು ಒಂಟಿಯಾಗಿಲ್ಲ. ಒಮ್ಮೆ ವಾಗ್ದಾನ, ಒಮ್ಮೆ ಋಣ, ಒಮ್ಮೆ ನಿರೀಕ್ಷೆ ಅದರೊಳಗೆ ಬಂದು ಸೇರಿವೆ.

ಇಬ್ರಿಯರಿಗೆ ಬರೆದ ಪತ್ರಿಕೆಯ 3 ಮತ್ತು 4ನೆಯ ಅಧ್ಯಾಯಗಳು 95ನೆಯ ಕೀರ್ತನೆಯ ಈಹೊತ್ತನ್ನು ಮತ್ತೆ ತೆರೆಯುತ್ತವೆ. ಯೆಹೋಶುವನ ಕಾಲದಲ್ಲಿ ವಿಶ್ರಾಂತಿ ಪೂರ್ತಿಯಾಗಿದ್ದರೆ ಕೀರ್ತನೆಗಾರನು ಮತ್ತೊಂದು ದಿನದ ಮಾತೆತ್ತುತ್ತಿರಲಿಲ್ಲ ಎಂಬುದು ಲೇಖಕನ ತರ್ಕ. ಇಲ್ಲಿ ಗಮನಿಸಬೇಕಾದದ್ದು, ಕರೆ ಬಹುವಚನದಲ್ಲಿದೆ: ಈಹೊತ್ತು ಎಂಬುದು ಇರುವವರೆಗೆ ಒಬ್ಬರನ್ನೊಬ್ಬರು ಎಚ್ಚರಿಸಬೇಕು. ವಿಮೋಚನಕಾಂಡದ 16ನೆಯ ಅಧ್ಯಾಯದಲ್ಲಿ ಕೂಡಿಟ್ಟ ಮನ್ನ ಹುಳುಬಿದ್ದು ನಾರುತ್ತದೆ. ಆದರೆ ಆರನೆಯ ದಿನ ಎರಡರಷ್ಟು ಕೂಡಿಸಿ ಸಬ್ಬತ್ತಿಗಾಗಿ ಇಟ್ಟದ್ದು ಕೆಡುವುದಿಲ್ಲ. ನಾಳೆಗಾಗಿ ಇಡುವುದೆಲ್ಲ ಅವಿಶ್ವಾಸವೆಂದು ಈ ಕಥೆ ಹೇಳುವುದಿಲ್ಲ. ಎಲ್ಲರ ವಿಶ್ರಾಂತಿಗಾಗಿ ಇಟ್ಟದ್ದಕ್ಕೂ ತನ್ನೊಬ್ಬನಿಗಾಗಿ ಬಚ್ಚಿಟ್ಟದ್ದಕ್ಕೂ ಇರುವ ಭೇದವನ್ನು ತೋರಿಸುತ್ತದೆ.

ಕರ್ತನ ಪ್ರಾರ್ಥನೆಯಲ್ಲಿ ‘ಅನುದಿನದ’ ಎಂದು ನಾವು ಅನುವಾದಿಸುವ ಗ್ರೀಕ್ ಪದ ‘ಎಪಿಊಸಿಯೊಸ್’ ಅಪರೂಪದ್ದು. ಬಾಳಿಗೆ ಬೇಕಾದಷ್ಟು ಎಂದೂ ಬರುವ ದಿನದ ಎಂದೂ ಅದಕ್ಕೆ ಅರ್ಥ ಹೇಳಿದ್ದಾರೆ. ಇಬ್ರಿಯರ ಸುವಾರ್ತೆ ಎಂಬ ಗ್ರಂಥದಲ್ಲಿ ಈ ಸ್ಥಳದಲ್ಲಿ ‘ನಾಳಿನ’ ಎಂಬ ಅರ್ಥದ ಪದವಿತ್ತೆಂದು ಜೆರೋಮ್ ದಾಖಲಿಸಿದ್ದಾರೆ. ಆ ಅರ್ಥವನ್ನು ಹಿಡಿದರೆ ಬೇಡಿಕೆ ಹೀಗಾಗುತ್ತದೆ: ನಾಳಿನ ರೊಟ್ಟಿ ಈಹೊತ್ತು ದೊರೆಯಲಿ. ಎರಡು ಅರ್ಥಗಳಲ್ಲಿ ಯಾವುದನ್ನು ಒಪ್ಪಿದರೂ, ಬೇಡುವವರು ‘ನಾವು’, ರೊಟ್ಟಿ ‘ನಮ್ಮದು’.

ನದಿಯ ಕೆಳಗೂ ಗುಡ್ಡದ ಮೇಲೂ

ಇಷ್ಟನ್ನು ಹಿಡಿದುಕೊಂಡು ತುಂಗಭದ್ರೆಯ ಸೀಮೆಗೆ ಹೋಗೋಣ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಜಲಾಶಯ ತುಂಬಿತ್ತು, ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಕೆಳಗೆ ಕಂಪ್ಲಿಯ ಸುತ್ತ ಭತ್ತದ ಗದ್ದೆಗಳು. ನೀರು ಹೆಚ್ಚು ಬಿಟ್ಟಾಗ ಕಂಪ್ಲಿಯಿಂದ ಗಂಗಾವತಿಗೆ ಹೋಗುವ ಸೇತುವೆ ಮುಳುಗುವುದನ್ನು ಕಂಡ ಜನ ಅವರು. ಆ ವಾರ ಅವರ ಕಣ್ಣಮುಂದೆ ಹರಿದುಹೋದದ್ದು ಆ ದಿನದ ನೀರು ಮಾತ್ರವಲ್ಲ, ಮುಂದಿನ ಬೆಳೆಯ ನೀರು.

ಕೊಸಾದ್ ಅವರ ಬೋಧನೆಯ ಅರ್ಧವನ್ನಷ್ಟೇ ಹಿಡಿದ ಬೋಧಕನು ಆ ವಾರ ಏನು ಹೇಳಬಹುದಿತ್ತು? ಬಂದದ್ದನ್ನು ದೇವರ ಚಿತ್ತವೆಂದು ಒಪ್ಪಿಕೊಳ್ಳಿರಿ ಎನ್ನಬಹುದಿತ್ತು. ಅಣೆಕಟ್ಟಿನ ಮೇಲೆ ನಡೆದದ್ದು ಬೇರೆ. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೆಲಸಗಾರರು ಜಲಾಶಯ ಖಾಲಿಯಾಗುವ ತನಕ ಕಾಯದೆ, ಹರಿಯುವ ನೀರಿನಲ್ಲಿಯೇ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ, ವಾರದೊಳಗೆ ಆ ಬಾಯನ್ನು ಮುಚ್ಚಿದರು. ಅದೇ ಮಳೆಗಾಲದಲ್ಲಿ ಜಲಾಶಯ ಮತ್ತೆ ತುಂಬಿತು. ಆ ಕೆಲಸಗಾರರ ಮನಸ್ಸಿನೊಳಗೆ ಇದ್ದುದನ್ನು ನಾವು ಊಹಿಸಲು ಹೋಗುವುದಿಲ್ಲ. ಆದರೆ ಅವರ ಕೆಲಸದ ಸ್ವರೂಪ ಗಮನಾರ್ಹ: ಕೈಯಲ್ಲಿರುವ ಹಲಗೆಯ ಮೇಲೆ ಪೂರ್ತಿ ಗಮನವಿಲ್ಲದೆ ಅದು ಸಾಗದು; ಬರುವ ಬೆಳೆಯ ಮೇಲೆ ಕಣ್ಣಿಲ್ಲದೆ ಅದನ್ನು ಯಾರೂ ಕೈಗೆತ್ತಿಕೊಳ್ಳರು. ಯೆರೆಮೀಯನ ಗ್ರಂಥದ 32ನೆಯ ಅಧ್ಯಾಯ ನೆನಪಾಗುತ್ತದೆ. ಶತ್ರುಗಳು ಯೆರೂಸಲೇಮನ್ನು ಮುತ್ತಿರುವಾಗ, ತಾನು ಸೆರೆಯಲ್ಲಿರುವಾಗ, ಪ್ರವಾದಿಯು 17 ಶೆಕೆಲ್ ಬೆಳ್ಳಿ ತೂಗಿಕೊಟ್ಟು ಅನಾತೋತಿನ ಹೊಲವನ್ನು ಕೊಳ್ಳುತ್ತಾನೆ. ಕ್ರಯಪತ್ರವನ್ನು ಬಹುಕಾಲ ಉಳಿಯುವಂತೆ ಮಣ್ಣಿನ ಗಡಿಗೆಯಲ್ಲಿ ಇಡಿಸುತ್ತಾನೆ. ಪ್ರಾರ್ಥನೆಯೂ ಆ ಅಧ್ಯಾಯದಲ್ಲಿದೆ. ಅದು ಬರುವುದು ಪತ್ರವನ್ನು ಬಾರೂಕನ ಕೈಗೆ ಕೊಟ್ಟಾದ ಮೇಲೆ.

ಸಂಡೂರು ಬೇರೆ ಪಾಠವನ್ನು ಕಲಿಸುತ್ತದೆ. ಕಬ್ಬಿಣದ ಅದಿರಿಗೆ ಬೆಲೆ ಏರಿದ ವರ್ಷಗಳಲ್ಲಿ ಅಲ್ಲಿ ಜನರು ಬಾಳಿದ್ದೂ ವರ್ತಮಾನದಲ್ಲಿಯೇ, ಆದರೆ ಕೊಳ್ಳೆಯ ವರ್ತಮಾನದಲ್ಲಿ. ಕೋಟಿ ಕೋಟಿ ವರ್ಷಗಳಲ್ಲಿ ಆದ ಅದಿರು ಲಾರಿಗಳಲ್ಲಿ ಹೊರಟಿತು. ಕೆಂಪು ಧೂಳು ಗಿಡಮರಗಳ ಮೇಲೂ ಹೊಲಗಳ ಮೇಲೂ ಕೂತಿತು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನು ತಡೆಯಿತು. ಸಮಾಜ ಪರಿವರ್ತನ ಸಮುದಾಯ ಹೂಡಿದ್ದ ದಾವೆಯಲ್ಲಿ 2013ರ ಏಪ್ರಿಲ್‌ನಲ್ಲಿ ಬಂದ ತೀರ್ಪು, ತೀವ್ರವಾಗಿ ಅಕ್ರಮವೆಸಗಿದ ಗಣಿಗಳ ಗುತ್ತಿಗೆಯನ್ನು ರದ್ದುಮಾಡಿತು. ಹುಳುಬಿದ್ದ ಮನ್ನದ ಕಥೆಯನ್ನು ಓದಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ತಡೆಯಾಜ್ಞೆ ಬಂದಾಗ ದಿನಗೂಲಿಯವರ ಕೆಲಸವೂ ನಿಂತಿತು. ಕೊಳ್ಳೆಯ ಲಾಭ ಅವರಿಗೆ ಸೇರಿರಲಿಲ್ಲ. ಕೊಳ್ಳೆ ನಿಂತಾಗ ಹಸಿವು ಮಾತ್ರ ಅವರ ಪಾಲಿಗೂ ಬಂತು. ನಾಳಿನವರಿಗಾಗಿ ಗುಡ್ಡ ಉಳಿಯಬೇಕು ಎನ್ನುವ ಸಭೆ, ಈಹೊತ್ತಿನ ಊಟ ತಪ್ಪಿದವನನ್ನು ಅದೇ ಉಸಿರಿನಲ್ಲಿ ನೆನೆಯದಿದ್ದರೆ ಅದರ ಪ್ರಾರ್ಥನೆ ಅರ್ಧವೇ.

ಹಂಪಿಯಲ್ಲಿ ಭೂತಕಾಲ ಎರಡು ಬಗೆಯಾಗಿ ಉಳಿದಿದೆ. 1565ರ ಯುದ್ಧದ ನಂತರ ಹಾಳಾದ ನಗರದ ಕಲ್ಲುಗಳು ಒಂದು ಬಗೆ; 1986ರಲ್ಲಿ ಯುನೆಸ್ಕೊ ಅವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ವಿಜಯನಗರದ ಕಾಲದ ಕಾಲುವೆಗಳು ಇನ್ನೊಂದು ಬಗೆ. ತುರ್ತು ಕಾಲುವೆಯಂಥವು ಇಂದಿಗೂ ಬಾಳೆಗೂ ಭತ್ತಕ್ಕೂ ನೀರುಣಿಸುತ್ತವೆ. ಗಣಿಗಾರಿಕೆಗೆ ತಡೆ ಬಿದ್ದ ತಿಂಗಳಲ್ಲಿಯೇ, 2011ರ ಜುಲೈಯಲ್ಲಿ, ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿ ಬಾಳಿಕೊಂಡಿದ್ದ ಕುಟುಂಬಗಳನ್ನು ಸ್ಮಾರಕಗಳ ರಕ್ಷಣೆಯ ಹೆಸರಿನಲ್ಲಿ ಎಬ್ಬಿಸಲಾಯಿತು. ಕಲ್ಲನ್ನು ಉಳಿಸುವ ಹೊಣೆ ಸಣ್ಣದೆಂದು ನಾವು ಹೇಳುವುದಿಲ್ಲ. ಸ್ಮರಣೆಗೆ ಎರಡು ದಾರಿಗಳಿವೆಯೆಂಬುದನ್ನು ಮಾತ್ರ ಗುರುತಿಸುತ್ತೇವೆ: ಒಂದು ಇಂದಿನವರನ್ನು ತೆರವುಮಾಡಿ ನಿನ್ನೆಯನ್ನು ಕಾಯುತ್ತದೆ, ಇನ್ನೊಂದು ನಿನ್ನೆಯ ಕಾಲುವೆಯಲ್ಲಿ ಇಂದಿನ ಗದ್ದೆಗೆ ನೀರು ಹರಿಸುತ್ತದೆ. ಕರ್ತನ ಭೋಜನದ ಸ್ಮರಣೆ ಎರಡನೆಯ ಬಗೆಯದು.

ಹಂಪಿಯ ಮಾತು ಬಂದಾಗ ಪುರಂದರದಾಸರನ್ನು ಬಿಟ್ಟು ಮುಂದೆ ಹೋಗಲಾಗದು. ಹೊಳೆಯ ದಡದಲ್ಲಿ ಅವರ ಹೆಸರಿನ ಮಂಟಪವಿದೆ. ಅಣೆಕಟ್ಟಿನಿಂದ ನೀರು ಬಿಟ್ಟಾಗ ಅದು ಮುಳುಗುತ್ತದೆ. ದಾಸರ ಪದಗಳನ್ನು ಮೊದಲು ಕೂಡಿಸಿ ಅಚ್ಚುಹಾಕಿದವರಲ್ಲಿ ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ ಒಬ್ಬರು ಎಂಬುದು ನಮ್ಮ ವಿದ್ಯಾರ್ಥಿಗಳು ಮರೆಯಬಾರದ ಸಂಗತಿ. ಪರಂಪರೆ ಹೇಳುವಂತೆ, ಪುರಂದರದಾಸರು ಐಶ್ವರ್ಯವನ್ನೆಲ್ಲ ಹಂಚಿಬಿಟ್ಟು, ಅಂದಂದಿನ ಅನ್ನವನ್ನು ಅಂದಂದು ಬೇಡಿ ತರುವ ಮಧುಕರ ವೃತ್ತಿಯಲ್ಲಿ ಬಾಳಿದರು. ಅವರ ಭಕ್ತಿಯ ತತ್ತ್ವ ಬೇರೆ, ನಮ್ಮದು ಬೇರೆ. ಎರಡನ್ನೂ ಬೆರೆಸುವುದು ಯಾರಿಗೂ ಗೌರವ ತರದು. ಆದರೆ ಒಂದು ಅಂಶ ನಮ್ಮ ವಿಮರ್ಶೆಗೆ ಬೆಳಕು ನೀಡುತ್ತದೆ. ಅಲ್ಲಿಯೂ, ಜಕ್ಕಾಯನ ಮನೆಯಲ್ಲಿಯೂ, ಕೊಡುವುದು ಮೊದಲು, ಈಹೊತ್ತಿನ ಬಾಳು ನಂತರ. ಉಳ್ಳವನು ಬಿಟ್ಟುಕೊಟ್ಟು ಆರಿಸಿಕೊಂಡ ಅಂದಂದಿನ ಬಾಳು ವೈರಾಗ್ಯ. ಇಲ್ಲದವನ ಮೇಲೆ ಹೇರಿದ ಅಂದಂದಿನ ಬಾಳು ಬಡತನ. ಎರಡನ್ನೂ ಒಂದೇ ಹೆಸರಿನಿಂದ ಕರೆದು ಕೊಂಡಾಡುವುದು ಬೋಧಕನಿಗೆ ತಕ್ಕದ್ದಲ್ಲ.

ನಿರೀಕ್ಷೆ ಎಂದರೆ ನೋಟ

ನಿರೀಕ್ಷೆ ವರ್ತಮಾನದ ಸುಖವನ್ನು ಕಸಿದುಕೊಳ್ಳುತ್ತದೆಯೇ ಎಂಬ ಪ್ರಶ್ನೆಯನ್ನು ಯೂರ್ಗೆನ್ ಮೋಲ್ಟ್‌ಮನ್ ನಿರೀಕ್ಷೆಯ ದೈವಶಾಸ್ತ್ರವನ್ನು ಕುರಿತ ತಮ್ಮ 1964ರ ಗ್ರಂಥದ ಪೀಠಿಕೆಯಲ್ಲಿಯೇ ಎತ್ತಿಕೊಂಡರು. ಅವರ ಉತ್ತರದ ಸಾರ ಇದು: ಲೋಕ ಇದ್ದಂತೆಯೇ ಇರುವುದೆಂದು ತಿಳಿದವನು ವರ್ತಮಾನವನ್ನು ಪೂರ್ತಿ ನೋಡಿಲ್ಲ, ಅದರಲ್ಲಿ ಅಡಗಿರುವ ಸಾಧ್ಯತೆಗಳನ್ನು ನಿರೀಕ್ಷೆಯುಳ್ಳವನು ಮಾತ್ರ ಕಾಣುತ್ತಾನೆ. ಇದಕ್ಕೂ ಬಹು ಹಿಂದೆ ಅಗಸ್ಟೀನ್ ತಮ್ಮ ಅರಿಕೆಗಳ 11ನೆಯ ಪುಸ್ತಕದಲ್ಲಿ, ಕಳೆದದ್ದರ ವರ್ತಮಾನ ಸ್ಮರಣೆ, ಇರುವುದರ ವರ್ತಮಾನ ಗಮನ, ಬರುವುದರ ವರ್ತಮಾನ ನಿರೀಕ್ಷೆ ಎಂದು ಕಾಲವನ್ನು ವಿಂಗಡಿಸಿದ್ದರು. ಅವರ ಲೆಕ್ಕದಲ್ಲಿ ಸ್ಮರಣೆಯನ್ನೂ ನಿರೀಕ್ಷೆಯನ್ನೂ ಕಳೆದರೆ ಉಳಿಯುವುದು ಶುದ್ಧ ವರ್ತಮಾನವಲ್ಲ, ಕುಂಟಿದ ಮನಸ್ಸು.

ಕನ್ನಡ ಸತ್ಯವೇದ ಈ ಗುಣಕ್ಕೆ ನಿರೀಕ್ಷೆ ಎಂಬ ಪದವನ್ನೇ ಆರಿಸಿದೆ. ಅದರ ಸಂಸ್ಕೃತ ಮೂಲದಲ್ಲಿ ಚೆನ್ನಾಗಿ ನೋಡುವುದೆಂಬ ಅರ್ಥವಿದೆ. ಬಾರ್ ಅವರ ಎಚ್ಚರಿಕೆ ಇಲ್ಲಿಯೂ ಸಲ್ಲುತ್ತದೆ. ಮೇಲಾಗಿ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೆಯ ಅಧ್ಯಾಯದಲ್ಲಿ, ಕಣ್ಣಿಗೆ ಕಂಡದ್ದು ನಿರೀಕ್ಷೆಯಲ್ಲ ಎಂದೇ ವಾದಿಸುತ್ತಾನೆ. ಆದರೆ ಅದೇ ಅಧ್ಯಾಯದಲ್ಲಿ ಅವನು ಸೃಷ್ಟಿಯ ನರಳಾಟವನ್ನು ಕೇಳಿಸಿಕೊಳ್ಳುತ್ತಾನೆ. ಕಾಣದ್ದಕ್ಕಾಗಿ ಕಾಯುವವನೇ ಕಾಣುವ ನೋವಿಗೆ ಕಿವಿಗೊಡುತ್ತಾನೆ. ಕಣ್ಣು ಮುಚ್ಚಿ ಪಡೆಯುವ ನೆಮ್ಮದಿಗೂ ಕ್ರೈಸ್ತ ನಿರೀಕ್ಷೆಗೂ ಇರುವ ವ್ಯತ್ಯಾಸ ಇದೇ.

ಪ್ರಾರ್ಥನೆಗೆ ಮೂರು ಒರೆ

ಈ ವಿಮರ್ಶೆ ಮೌನಧ್ಯಾನವನ್ನು ತಳ್ಳಿಹಾಕುವುದಿಲ್ಲ. ಬ್ರದರ್ ಲಾರೆನ್ಸರ ಅಡಿಗೆಮನೆಯೂ ಕೊಸಾದರ ಕರ್ತವ್ಯನಿಷ್ಠೆಯೂ ನಮಗೆ ಬೇಕು. ಆದರೆ ಸಭಾಪಾಲಕರು ಈಹೊತ್ತಿನ ಭಕ್ತಿಯನ್ನು ಬೋಧಿಸುವ ಮೊದಲು ತಮ್ಮ ಮಾತನ್ನು ಮೂರು ಪ್ರಶ್ನೆಗಳಿಂದ ಒರೆಗೆ ಹಚ್ಚಬೇಕು. ಇದರಲ್ಲಿ ತೀರಿಸಬೇಕಾದ ಹಳೆಯ ಲೆಕ್ಕಕ್ಕೆ ಸ್ಥಳವಿದೆಯೇ? ಇನ್ನೂ ಬಾರದವರ ಪಾಲಿಗೆ ಸ್ಥಳವಿದೆಯೇ? ಈಹೊತ್ತಿನ ಊಟವಿಲ್ಲದವನು ಇದನ್ನು ಕೇಳಿ ಆಮೆನ್ ಎನ್ನಬಲ್ಲನೇ? ಮೂರಕ್ಕೂ ಹೌದೆನ್ನಲಾಗದಿದ್ದರೆ, ಆ ಮಾತು ಎಷ್ಟು ಮೃದುವಾಗಿದ್ದರೂ ಅದನ್ನು ಬರೆದವನು ಮತ್ತೆ ಕೂತು ತಿದ್ದಬೇಕು.

ಆರಾಧನೆಯ ಕ್ರಮದಲ್ಲಿ ಇದಕ್ಕೆ ಮಾದರಿ ಈಗಾಗಲೇ ಇದೆ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 11ನೆಯ ಅಧ್ಯಾಯದ ಪ್ರಕಾರ ನಾವು ಕರ್ತನ ಮರಣವನ್ನು ಆತನು ಬರುವ ತನಕ ಪ್ರಸಿದ್ಧಪಡಿಸುತ್ತೇವೆ; ಹಾಗೆ ಮಾಡುವುದು ಈಹೊತ್ತು ಮುರಿದ ರೊಟ್ಟಿಯಲ್ಲಿ. ಅದೇ ಅಧ್ಯಾಯದಲ್ಲಿ ಪೌಲನು ಕೊರಿಂಥದವರನ್ನು ಗದರಿಸಿದ್ದು ಅವರ ಧ್ಯಾನ ಚಂಚಲವಾಯಿತೆಂದಲ್ಲ, ಒಬ್ಬನು ಹಸಿದಿರುವಾಗ ಮತ್ತೊಬ್ಬನು ಉಂಡು ಮುಗಿಸಿದ್ದನೆಂದು. ಮೇಜಿನ ಮುಂದೆ ನಿಲ್ಲುವ ನಾವು ಮಧ್ಯಸ್ಥಿಕೆಯ ಪ್ರಾರ್ಥನೆಯಲ್ಲಿ ಹೊಳೆಯ ನೀರನ್ನು, ಗುಡ್ಡದ ಮಣ್ಣನ್ನು, ಕೂಲಿಯನ್ನು ಅವುಗಳ ಹೆಸರಿನಿಂದಲೇ ನೆನೆಯುವುದನ್ನು ಕಲಿಯಬೇಕು. ದೇವರ ಸಾನ್ನಿಧ್ಯವನ್ನು ಅಲ್ಲಿ ಹೊಸದಾಗಿ ತರಬೇಕಾಗಿಲ್ಲ. ಅಲ್ಲಿ ಆಗಲೇ ಇರುವಾತನಿಗೆ ಈಹೊತ್ತು ಕಿವಿಗೊಡುವ ಕೆಲಸ ನಮ್ಮದು.